ಅಂಗೈಯ ಭಾರ

ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟುಕೊಂಡು ಕೂತಾಗ ನೀಲಾಂಬಿಕೆಗೆ ಇವತ್ತೂ ಹಾಗೇ ಅನ್ನಿಸಿತು: ಇದು ನನ್ನದಲ್ಲ. ಅನ್ನಿಸಿದ್ದನ್ನು ಅವಳು ಕೂಡಲೇ ಹೊರಗೆ ತಳ್ಳಿದಳು, ಅಂಗಳಕ್ಕೆ ನುಗ್ಗಿದ ಪಕ್ಕದ ಮನೆಯ ದನವನ್ನು ಯಾರಿಗೂ ಸದ್ದಾಗದಂತೆ ಆಚೆ ಅಟ್ಟುವ ಹಾಗೆ. ಭಸ್ಮ ಧರಿಸಿದಳು, ಒಂದು ಪತ್ರೆ ಏರಿಸಿದಳು, ಚಿಕ್ಕ ಗಿಂಡಿಯಿಂದ ನೀರು ಬಿಟ್ಟಳು, ಕಣ್ಣು ಮುಚ್ಚಿದಳು. ಮುಚ್ಚಿದ ಮೇಲೆ ಇನ್ನೂ ಸ್ಪಷ್ಟವಾಯಿತು. ಕಣ್ಣಿಗೆ ಏನನ್ನಾದರೂ ಹೇಳಿ ಒಪ್ಪಿಸಬಹುದು; ನೆಲ್ಲಿಕಾಯಿ ಗಾತ್ರದ, ಕಪ್ಪು ಲೇಪದ, ಎಣ್ಣೆ ಸವರಿದ ಹಾಗೆ ಮಿನುಗುವ ಲಿಂಗಗಳೆಲ್ಲ ನೋಡುವುದಕ್ಕೆ ಒಂದೇ. ಅಂಗೈಯನ್ನು ಒಪ್ಪಿಸುವುದು ಕಷ್ಟ. ಒಂಬತ್ತನೆಯ ವಯಸ್ಸಿನಿಂದ ಇಪ್ಪತ್ತು ವರ್ಷ, ದಿನಕ್ಕೆ ಎರಡು ಹೊತ್ತು, ತನ್ನ ಮೇಲೆ ಬಂದು ಕೂತ ಭಾರವನ್ನು ಅದು ಬಲ್ಲದು. ಹೆಬ್ಬೆರಳ ಬುಡದಲ್ಲಿ ಒಂದು ಕಡೆ ಒರಟಾಗಿ ತಾಗುತ್ತಿತ್ತು, ಈಗ ಎಲ್ಲಿಯೂ ತಾಗುವುದಿಲ್ಲ. ಒಂದು ಕೂದಲೆಳೆಯಷ್ಟು ಹಗುರ. ಅಷ್ಟೇ. ಅಷ್ಟನ್ನು ಯಾರಿಗೆ ತೂಗಿ ತೋರಿಸುವುದು? ಗಂಡನ ಬೆಲ್ಲದ ಮಂಡಿಯಲ್ಲಿ ತಕ್ಕಡಿಗಳಿವೆ, ಆದರೆ ಲಿಂಗವನ್ನು ತಕ್ಕಡಿಗೆ ಹಾಕುತ್ತೇನೆಂದು ಬಾಯಿಬಿಟ್ಟರೆ ನಾಳೆಯ ಬಸ್ಸಿಗೇ ಹತ್ತಿಸುತ್ತಾರೆ.

ಏಳು ತಿಂಗಳಾಗಿತ್ತು ಅವಳು ಬೆಂಗಳೂರಿನ ಆಸ್ಪತ್ರೆಯಿಂದ ಹೊಳೆನರಸೀಪುರಕ್ಕೆ ವಾಪಸ್ಸು ಬಂದು. ಬಂದ ದಿನ ಕೈಕಾಲು ತೊಳೆಸಿ, ಹೊಸ ಶಿವದಾರಕ್ಕೆ ಪೋಣಿಸಿದ ಬೆಳ್ಳಿಯ ಕರಡಿಗೆಯನ್ನು ಗಂಡ ಪಂಚಾಕ್ಷರಯ್ಯನೇ ತಂದು ಅವಳ ಕೈಗಿಟ್ಟಿದ್ದ. ಕರಡಿಗೆ ಅವಳದೇ, ಮುಚ್ಚಳದ ಮೇಲೆ ಮಗಳು ಪ್ರೇಮ ಕೂಸಾಗಿದ್ದಾಗ ಕಚ್ಚಿದ ಹಲ್ಲಿನ ಗುರುತು ಹಾಗೆಯೇ ಇತ್ತು. ಬಿಚ್ಚಿ ಅಂಗೈಗೆ ತೆಗೆದುಕೊಂಡವಳು ಇನ್ನೊಂದು ಕ್ಷಣ ಯೋಚಿಸದೆ, "ಇದು ನಂದಲ್ಲ" ಎಂದುಬಿಟ್ಟಿದ್ದಳು. ಅತ್ತೆ ಗುರುಸಿದ್ದಮ್ಮ ಮಗನ ಮುಖ ನೋಡಿದಳು. ಮಗ ಗೋಡೆ ನೋಡಿದ. "ಲೇಪ ಉದುರಿತ್ತು ನೀಲಾ, ಹೊಸದಾಗಿ ಹಚ್ಚಿಸಿದೀನಿ, ಅದ್ಕೇ ಹಂಗನ್ನಿಸ್ತದೆ." ಇರಬಹುದು ಎಂದುಕೊಂಡಳು. ಎಂಟು ದಿನ ಬಿಟ್ಟು ಎರಡನೆಯ ಸಲ ಕೇಳಿದಾಗ ಅತ್ತೆ ಅವಳಿಗೆ ಉತ್ತರ ಕೊಡಲಿಲ್ಲ. ಮಗನಿಗೆ, ಅವಳು ಅಲ್ಲಿ ಇಲ್ಲವೇ ಇಲ್ಲವೆನ್ನುವ ಹಾಗೆ, "ಇದಕ್ಕಿನ್ನೂ ವಾಸಿಯಾಗಿಲ್ಲ ಕಣೋ" ಎಂದಳು. ಮೂರನೆಯ ಸಲ ಅವಳು ಕೇಳಲಿಲ್ಲ.

ಕೊರಳಲ್ಲಿ ದಾರ ಇರಕೂಡದು ಎಂದಿದ್ದರು ಆಸ್ಪತ್ರೆಯಲ್ಲಿ. ದಾದಿ ಒರಟಾಗೇನೂ ಬಿಚ್ಚಿರಲಿಲ್ಲ, ಮಗುವಿನ ಕೊರಳಿಂದ ತೆಗೆಯುವ ಹಾಗೆ ಕೂದಲು ಸರಿಸಿ ತೆಗೆದಳು. ಆಸ್ಪತ್ರೆಯ ಜಗಲಿಯ ಮೇಲೆ ಪಂಚಾಕ್ಷರಯ್ಯ ಕರಡಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಒಂದು ಮೈಮೇಲೆ ಎರಡು ಲಿಂಗ ಇರುವಂತಿಲ್ಲ. ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಕೊನೆಗೆ ಕೋಟಿನ ಜೇಬಿಗೆ ಹಾಕಿಕೊಂಡ. ಅವನು ಗೇಟು ದಾಟುವವರೆಗೆ ಅವಳು ಅವನ ಮುಖ ನೋಡಲಿಲ್ಲ, ಆ ಜೇಬಿನ ಉಬ್ಬನ್ನೇ ನೋಡಿದಳು. ಮರುದಿನ ಬೆಳಿಗ್ಗೆಯಿಂದ ಬರಿಯ ಅಂಗೈ ಹಿಡಿದು ಕೂತಳು. ಇಲ್ಲದ ಪತ್ರೆ ಏರಿಸಿದಳು, ಕುಡಿಯುವ ತಗಡಿನ ಲೋಟದಿಂದ ನಾಲ್ಕು ಹನಿ ಬಿಟ್ಟಳು. ದಾದಿಯೊಬ್ಬಳು ಬಗ್ಗಿ ಅವಳ ಅಂಗೈ ನೋಡಿ, "ಹಸ್ತರೇಖೆ ನೋಡ್ಕೋತಾಳೆ ಪಾಪ, ಎಂದು ಬಿಡುಗಡೆ ಅಂತ" ಎಂದು ಇನ್ನೊಬ್ಬಳಿಗೆ ಹೇಳಿ ನಕ್ಕಳು. ನಗಲಿ. ಬರಿಯ ಅಂಗೈಯಲ್ಲೂ ಆ ಭಾರ ಇತ್ತು, ಹೆಬ್ಬೆರಳ ಬುಡದ ಒರಟೂ ಇತ್ತು. ಅಲ್ಲಿ ಏನೂ ಇಲ್ಲದಾಗ ಇದ್ದದ್ದು ಇಲ್ಲಿ ಎಲ್ಲ ಇರುವಾಗ ಇಲ್ಲ. ಇದನ್ನು ಹೇಳಹೊರಟರೆ ತನ್ನ ಮಾತು ತನಗೇ ಹುಚ್ಚಿಯ ಮಾತಾಗಿ ಕೇಳುತ್ತದೆ.

ಹುಚ್ಚು ಹೋಗಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಹೋಗುತ್ತದೆಂದು ಅಲ್ಲಿಯ ಡಾಕ್ಟರೂ ಹೇಳಿರಲಿಲ್ಲ. ಅದರ ಜೊತೆಗೆ ಒಕ್ಕಲಿರುವುದನ್ನು ಕಲಿತಿದ್ದಳು, ಅಷ್ಟೆ. ಹಿತ್ತಲ ಕಡೆಯಿಂದ ಒಬ್ಬ ಗಂಡಸಿನ ದನಿ, ಬೈಗುಳವಲ್ಲ, ಭಯ ಹುಟ್ಟಿಸುವಂಥದೂ ಅಲ್ಲ, ಲೆಕ್ಕವಿಲ್ಲದಷ್ಟು ಸಲ ಒಂದೇ ಮಾತು ಕೇಳುತ್ತಿತ್ತು: ಬಾಗಿಲು ಹಾಕಿದೀಯಾ? ಹಿಂದೆಲ್ಲ ಅವಳು ಎದ್ದು ಹೋಗಿ ಹಾಕಿ ಬರುತ್ತಿದ್ದಳು, ಹಾಕಿದೀನಿ ಎಂದು ಕೂಗಿ ಉತ್ತರ ಕೊಡುತ್ತಿದ್ದಳು, ಕೊನೆಗೆ ಬೀದಿಯವರ ಮನೆಗಳಿಗೆಲ್ಲ ನುಗ್ಗಿ ಬಾಗಿಲು ಹಾಕತೊಡಗಿದ್ದಳು. ಈಗ ದನಿ ಬಂದರೆ ಒಂದು ಗುಟುಕು ನೀರನ್ನು ಬಾಯಿಗೆ ತುಂಬಿಕೊಳ್ಳುತ್ತಾಳೆ. ನೀರು ಬಾಯಲ್ಲಿದ್ದರೆ ಉತ್ತರ ಕೊಡುವಂತಿಲ್ಲ. ನೀರಿಟ್ಟುಕೊಂಡೇ ಕಸ ಗುಡಿಸುತ್ತಾಳೆ, ರಾಗಿ ಬೀಸುತ್ತಾಳೆ, ಅವರೆ ಸುಲಿಯುತ್ತಾಳೆ. ಅತ್ತೆ ಈಳಿಗೆಮಣೆಯನ್ನು ಅವಳ ಕೈಗೆ ಸಿಗದಂತೆ ಅಟ್ಟದ ಮೇಲಿಟ್ಟಿರುವುದರಿಂದ ಸುಲಿಯುವ ಕೆಲಸವೆಲ್ಲ ಅವಳದು, ಹೆಚ್ಚುವ ಕೆಲಸ ಅಲ್ಲ. ಇನ್ನು, ಯಾವ ಸದ್ದು ಇದೆ ಯಾವುದು ಇಲ್ಲ ಎಂದು ತಿಳಿಯುವುದಕ್ಕೆ ಕೊಟ್ಟಿಗೆಯ ಹಸುವಿನ ಕಿವಿ ನೋಡುತ್ತಾಳೆ. ಹಸುವಿನ ಕಿವಿ ತಿರುಗಿದರೆ ಸದ್ದು ಎಲ್ಲರದು, ತಿರುಗದಿದ್ದರೆ ತನ್ನೊಬ್ಬಳದು. ಕೊಟ್ಟಿಗೆಯಿಂದ ದೂರ ಇದ್ದರೆ ಮನುಷ್ಯರ ಮುಖ ನೋಡುತ್ತಾಳೆ. ಮುಖಗಳು ಹಸುವಿನಷ್ಟು ನೆಚ್ಚಿಕೆಯವಲ್ಲ, ಆದರೂ ಆದೀತು. ಏಳು ತಿಂಗಳಿಂದ ಈ ಮನೆಯಲ್ಲಿ ಅವಳು ತನ್ನ ಕಿವಿಯನ್ನು ನಂಬಿ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಅಂಗೈಯ ವಿಷಯದಲ್ಲಿ ಮಾತ್ರ ಕೇಳಿ ನೋಡಲು ಯಾವ ಹಸುವೂ ಇರಲಿಲ್ಲ.

ಇವತ್ತು ಪ್ರೇಮಕುಮಾರಿಗೆ ದೀಕ್ಷೆ. ಮನೆತನದ ಗುರುಗಳು ರಾಮನಾಥಪುರದ ಕಡೆಯ ಮಠದಿಂದ ಬಂದು, ಮಗಳ ಕಿವಿಯಲ್ಲಿ ಮಂತ್ರ ಹೇಳಿ, ಅವಳ ಅಂಗೈಗೆ ಲಿಂಗ ಕೊಡುತ್ತಾರೆ. ನೀಲಾಂಬಿಕೆ ಮಗಳ ಪಕ್ಕದಲ್ಲಿ ಕೂರಬಹುದೋ ಕೂಡದೋ ಎಂಬುದು ಹದಿನೈದು ದಿನ ಅಡುಗೆಮನೆಯಲ್ಲಿ ಚರ್ಚೆಯಾಗಿ, ನಿನ್ನೆ ಗುರುಸಿದ್ದಮ್ಮ ತೀರ್ಪು ಕೊಟ್ಟಿದ್ದಳು. "ಕೂತ್ಕೊ, ಬೇಡ ಅನ್ನಲ್ಲ. ಹೆತ್ತೋಳು. ಇವತ್ತು ನೆಟ್ಟಗೆ ಕೂತು ಎದ್ರೆ ಪ್ರೇಮ ರಾತ್ರಿ ನಿನ್ನ ಪಕ್ಕದಲ್ಲೇ ಮಲಗ್ಲಿ, ನಾನೇನೂ ಮಗೀನ ಕಿತ್ಕೊಂಡಿಲ್ಲ. ಆದ್ರೆ ಆ ನಿನ್ನ ಲಿಂಗದ ಮಾತು, ದನಿ ಕೇಳಿಸ್ತು ಅನ್ನೋ ಮಾತು, ಅಯ್ನೋರ ಮುಂದೆ ಒಂದು ಹೊರಗೆ ಬಂತೋ, ಬೆಂಗ್ಳೂರೇ." ಗಂಡ ಊಟದ ತಟ್ಟೆಯ ಮೇಲೆ ಬಗ್ಗಿಕೊಂಡಿದ್ದ. ಎರಡು ವರ್ಷದಿಂದ ಮಗಳು ಅಜ್ಜಿಯ ಪಕ್ಕದಲ್ಲಿ, ಅಜ್ಜಿಯ ಕೋಣೆಯಲ್ಲಿ, ಬಾಗಿಲಿಗೆ ಒಳಗಿಂದ ಅಗಳಿ ಹಾಕಿ ಮಲಗುತ್ತಿದ್ದಳು. ನೀಲಾಂಬಿಕೆಗೆ ಮಗಳ ಕೂದಲ ವಾಸನೆ ಹೇಗಿತ್ತೆಂಬುದೇ ಮರೆತಿತ್ತು. ಹರಳೆಣ್ಣೆಯ ವಾಸನೆಯೊಂದೇ ನೆನಪಿತ್ತು, ಅದರ ಕೆಳಗಿದ್ದದ್ದು ಮರೆತಿತ್ತು.

ದೊಡ್ಡತಾಯಮ್ಮ ಹಾಲಿನ ತಂಬಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಳು. ಹೊಳೆಯಾಚೆಯ ಒಕ್ಕಲಿಗರ ಹೆಂಗಸು. ಮನೆಯ ಹಸು ಬತ್ತಿದ ಮೇಲೆ ಅವಳೇ ದಿನಾ ಹಾಲು ತರುವುದು. ಈ ಮನೆಗೆ ಬಂದುಹೋಗುವವರಲ್ಲಿ ನೀಲಾಂಬಿಕೆಯ ಜೊತೆ ದನಿ ತಗ್ಗಿಸದೆ ಮಾತಾಡುವವಳು ಅವಳೊಬ್ಬಳೇ.

"ಏನ್ ನೀಲವ್ವ, ಇವತ್ತೂವೆ ಬಾಯಾಗೆ ನೀರು ತುಂಬ್ಕೊಂಡಿದ್ದೀಯಾ? ಉಗಿ ಅತ್ಲಾಗೆ, ನಾನ್ ಬಂದಿವ್ನಲ್ಲ."

ನೀಲಾಂಬಿಕೆ ಬಾಳೆಯ ಬುಡಕ್ಕೆ ಉಗಿದಳು. "ಈಗ ಯಾರಾದ್ರೂ ಕೂಗಿದ್ರಾ ತಾಯಮ್ಮ?"

"ಯಾರೂ ಕೂಗ್ಲಿಲ್ಲ ಕಣವ್ವ. ಬಾಳೆ ಎಲೆ ಪಟಪಟ ಅಂತು, ಅಷ್ಟೇಯ." ಹಾಲು ಬಗ್ಗಿಸುತ್ತ ಅವಳು ನಕ್ಕಳು. "ನಮ್ಮಟ್ಟೀಲಿ ನನ್ ಗಂಡಂಗೆ ಗಂಟ್ಲು ಅರ್ಕೊಂಡ್ರೂ ಕೇಳಾಕಿಲ್ಲ. ನಿಂಗೆ ಇಲ್ದಿರೋವೂ ಕೇಳುಸ್ತವೆ. ನಿಮ್ಮಿಬ್ರುನೂ ಕಲಸಿ ಎಲ್ಡ್ ಮಾಡಿದ್ರೆ ಎಲ್ಡು ಮನೇನೂ ನೆಟ್ಗಿರ್ತಿದ್ದೊ."

ನೀಲಾಂಬಿಕೆಗೆ ನಗು ಬಂತು. ನಗುವಾಗ ಕೂಡ ಒಳಗೆ ಅತ್ತೆ ಕೇಳಿಸಿಕೊಂಡಾಳು, ಒಬ್ಬಳೇ ನಗುತ್ತಿದ್ದಾಳೆ ಎಂದುಕೊಂಡಾಳು ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ, ತಾನು ಕೇಳುತ್ತೇನೆಂದು ತನಗೇ ಗೊತ್ತಿಲ್ಲದೆ ಕೇಳಿದಳು: "ತಾಯಮ್ಮ, ಒಂದು ವಸ್ತು ತನ್ನದೋ ಅಲ್ವೋ ಅಂತ ಹೆಂಗೆ ಗೊತ್ತಾಗೋದು?"

"ಎಂಥ ವಸ್ತು? ಕರುವಾ?" ದೊಡ್ಡತಾಯಮ್ಮನಿಗೆ ವಸ್ತುವೆಂದರೆ ಮೊದಲು ಅದೇ. "ಅಸ ಮೂಸ್ ನೋಡ್ತದೆ. ಓದ್ ವರ್ಸ ನಮ್ ಕೆಂದಿ ಕರ ಸತ್ತೋಯ್ತಲ್ಲ, ಚರ್ಮಕ್ಕೆ ಉಲ್ಲು ತುಂಬಿ ಮುಂದಿಕ್ಕುದ್ವು. ಮೂಸ್ತು ನೋಡು, ಮೂಸಿ ನನ್ ಮಕ ನೋಡ್ತು. ಗೊತ್ತಾಯ್ತು ಕಣವ್ವ ಅದ್ಕೆ. ಗೊತ್ತಾಗಿನೂ ನೆಕ್ತು, ಸೊರ ಬುಟ್ಟು ಆಲು ಕೊಟ್ತು. ಏನ್ ಮಾಡೀತು, ಕೆಚ್ಲು ತುಂಬಿತ್ತು."

ತಂಬಿಗೆ ಸೊಂಟಕ್ಕಿಟ್ಟುಕೊಂಡು ಅವಳು ಹೊರಟುಹೋದಳು. ನೀಲಾಂಬಿಕೆ ಹಾಲಿನ ಪಾತ್ರೆಯ ಮುಂದೆ ಕೂತೇ ಇದ್ದಳು. ಮೂಸಿ ನನ್ನ ಮುಖ ನೋಡಿತು ಎಂದಳಲ್ಲ, ಆಗ ತಾಯಮ್ಮ ಎತ್ತ ನೋಡಿದ್ದಾಳು?

ಗುರುಗಳು ಬಂದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಎಂಬತ್ತು ದಾಟಿದ ಜೀವ. ಎರಡೂ ಕಣ್ಣಿಗೆ ಪೊರೆ ಬಂದು ಹಾಲು ಬೆರೆತ ನೀರಿನ ಹಾಗಾಗಿತ್ತು. ಗಾಡಿಯಿಂದ ಇಳಿದಲ್ಲಿಂದ ಪಂಚಾಕ್ಷರಯ್ಯ ಅವರ ಮೊಣಕೈ ಹಿಡಿದುಕೊಂಡಿದ್ದ. ಪಾದ ತೊಳೆದದ್ದಾಯಿತು. ನಡುಮನೆಯ ಮಣೆಯ ಮೇಲೆ ಪ್ರೇಮ ಕೂತಳು, ತಾಯಿಯ ಧಾರೆ ಸೀರೆ ಕತ್ತರಿಸಿ ಹೊಲಿಸಿದ ಲಂಗ, ಹಣೆಯ ತುಂಬ ವಿಭೂತಿ, ಕಣ್ಣಲ್ಲಿ ಅಂಕಗಣಿತದ ಪರೀಕ್ಷೆಗೆ ಕೂತವಳ ಗಾಬರಿ. ನೀಲಾಂಬಿಕೆ ಅವಳ ಎಡಕ್ಕೆ. ಇಬ್ಬರ ಮಧ್ಯೆ ಒಂದು ಗೇಣು. ಅಷ್ಟು ಹತ್ತಿರದಲ್ಲಿ ಮಗಳು ಉಸಿರಾಡುವುದು ಗೊತ್ತಾಗುತ್ತಿತ್ತು. ಉಸಿರಾಡಿದಾಗ ಲಂಗದ ಜರಿ ಒಂದಿಷ್ಟು ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಬಾಗಿಲು ಹಾಕಿದೀಯಾ ಎಂದಿತು ದನಿ. ನೀಲಾಂಬಿಕೆ ಎದುರಿನ ಮುಖಗಳನ್ನು ನೋಡಿದಳು. ಅತ್ತೆ ಹೂವಿನ ತಟ್ಟೆ ಹಿಡಿದು ಗುರುಗಳನ್ನೇ ನೋಡುತ್ತಿದ್ದಳು, ಗಂಡ ಮಗಳನ್ನು ನೋಡುತ್ತಿದ್ದ. ಯಾರದೂ ಅಲ್ಲ, ನನ್ನೊಬ್ಬಳದು. ಅವಳು ತುಟಿ ಬಿಗಿದು ಕೂತಳು. ಗುರುಗಳು ಪ್ರೇಮಳ ತಲೆಯ ಮೇಲೆ ವಸ್ತ್ರ ಹೊದಿಸಿ, ಬಗ್ಗಿ, ಬಲಗಿವಿಯಲ್ಲಿ ಏನೋ ಹೇಳಿದರು. ಗೇಣು ದೂರದಲ್ಲಿದ್ದ ತಾಯಿಗೂ ಅದು ಕೇಳಿಸಲಿಲ್ಲ, ಕೇಳಿಸಕೂಡದು. ಒಬ್ಬಳಿಗೇ ಕೇಳಿಸಬೇಕಾದ ಮಾತು. ಅದಕ್ಕೆ ಎಲ್ಲರೂ ಭಕ್ತಿಯಿಂದ ನಿಂತಿದ್ದಾರೆ. ಪ್ರೇಮಳ ರೆಪ್ಪೆ ನಡುಗಿತು. ಕಪ್ಪಗೆ ಮಿನುಗುವ ಲಿಂಗ ಅವಳ ಪುಟ್ಟ ಅಂಗೈ ತುಂಬಿತು, ಬೆರಳುಗಳು ತಾವಾಗಿಯೇ ಸುತ್ತ ಬಾಗಿದವು. ತನ್ನ ಅಂಗೈಯೂ ಒಂದು ದಿನ ಹೀಗೇ ಬಾಗಿತ್ತು ಎಂದು ನೀಲಾಂಬಿಕೆಗೆ ಹೊಟ್ಟೆಯಲ್ಲಿ ತಿಳಿಯಿತು. ಸಂತೋಷ ಎನ್ನುವುದು ಇದೇ ಇರಬೇಕು, ಇಷ್ಟು ದಿನ ಆಗಿರಲಿಲ್ಲ, ಗುರುತು ಹತ್ತಲಿಲ್ಲ.

ಗುರುಗಳ ಕೈ ತಡಕಾಡುತ್ತ ಬಂದು ಅವಳ ತಲೆಯ ಮೇಲೆ ನಿಂತಿತು. "ಇದು ಯಾರಪ್ಪ ಪಂಚಾಕ್ಷರಿ, ಮಗೀನ ಪಕ್ಕದಲ್ಲಿ?"

ಗುರುಸಿದ್ದಮ್ಮ ಮಗನಿಗಿಂತ ಮೊದಲೇ ಹೇಳಿದಳು: "ನಮ್ಮ ಸೊಸೆ ಬುದ್ಧಿ."

"ಓ, ಹೊಸ ಸೊಸೆ." ಮುದುಕರ ದನಿಯಲ್ಲಿ ವಾತ್ಸಲ್ಯ ತುಂಬಿತು. "ಒಳ್ಳೇದಾಯ್ತು ತಾಯಿ. ತಾಯಿ ಇಲ್ಲದ ಮಗು, ನಿನ್ನದೇ ಅನ್ಕೊ. ಪಾಪ, ಆ ಮೊದಲನೇ ಹೆಣ್ಣುಮಗಳು ಬೆಂಗಳೂರಲ್ಲೇ ತೀರಿಕೊಂಡಳಂತೆ. ಹೋದ ಶ್ರಾವಣದಲ್ಲಿ ಇವನು ಅವಳ ಲಿಂಗ ಹಿಡ್ಕೊಂಡು ಮಠಕ್ಕೆ ಬಂದಿದ್ದ. ದೇಹ ಸಿಕ್ಕಿದ್ರೆ ಅದರ ಜೊತೆ ಮಣ್ಣು ಮಾಡಬಹುದಿತ್ತು, ಇಲ್ಲವಲ್ಲ, ಹೊಳೆಗೇ ಬಿಡಪ್ಪಾ ಅಂದೆ. ಬಿಟ್ಟ. ಆಮೇಲೆ ಕಾರ್ತಿಕದಲ್ಲಿ ಬಂದು, ಹೊಸಬಳ ತೌರಿನ ಲಿಂಗ ಬಿರುಕು ಬಿಟ್ಟು ಭಿನ್ನವಾಗಿದೆ ಅಂತ ನಿನಗೆ ಒಂದು ಇಸ್ಕೊಂಡು ಹೋದ. ಪೂಜೆ ಚೆನ್ನಾಗಿ ನಡೀತಿದೆಯೇನಮ್ಮ?"

ನೀಲಾಂಬಿಕೆ ಮುಖಗಳನ್ನು ನೋಡಿದಳು. ಅದು ಅಭ್ಯಾಸ. ಅತ್ತೆಯ ಕೈಯ ತಟ್ಟೆ ವಾಲಿ ಎರಡು ಕಣಗಿಲೆ ನೆಲಕ್ಕೆ ಬಿದ್ದವು. ಗುರುಗಳ ಮೊಣಕೈ ಮೇಲೆ ಗಂಡನ ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿದಿತ್ತು. ಪ್ರೇಮ ವಸ್ತ್ರದ ಕೆಳಗಿಂದ ಸರಕ್ಕನೆ ತಲೆ ತಿರುಗಿಸಿ ತಾಯಿಯನ್ನು ನೋಡಿದ್ದಳು. ಎಲ್ಲರದು. ಈ ದನಿ ಎಲ್ಲರದು.

"ನಡೀತಿದೆ ಬುದ್ಧಿ" ಎಂದಳು.

ಮೊದಲು ಅವಳಿಗೆ ಆದದ್ದು ಒಂದು ಹುಚ್ಚು ಹಿಗ್ಗು. ಅಂಗೈ ಸುಳ್ಳು ಹೇಳಿರಲಿಲ್ಲ. ಏಳು ತಿಂಗಳು ದಿನಕ್ಕೆರಡು ಸಲ ಅಂಗೈಯನ್ನು ಬೈದು ಸುಮ್ಮನಾಗಿಸಿದ್ದಳು, ಅದು ಪಟ್ಟುಬಿಡದೆ ನಿಜ ಹೇಳುತ್ತಲೇ ಇತ್ತು. ಗುರುಗಳಿಗೆ ಎಲೆ ಹಾಕುವಾಗ, ತುಪ್ಪ ಬಡಿಸುವಾಗ, ಪಂಚಾಕ್ಷರಯ್ಯ ಅವರನ್ನು ಗಾಡಿಗೆ ಹತ್ತಿಸಿ ಬೀದಿಯ ತಿರುವಿನವರೆಗೆ ಹೋಗಿ ಬರುವಾಗಲೂ ಆ ಹಿಗ್ಗು ಹಾಗೇ ಇತ್ತು, ಜ್ವರದ ಹಾಗೆ ಮೈ ಬೆಚ್ಚಗಾಗಿತ್ತು. ಎಲೆ ಎತ್ತಿ ನೆಲ ಸಾರಿಸಲು ಕೂತಾಗ ಅದು ಇಳಿಯತೊಡಗಿತು. ಶ್ರಾವಣದ ಒಂದು ದಿನ ತಾನು ಸತ್ತಿದ್ದೆ. ಯಾವ ದಿನ? ಆ ದಿನ ಅಲ್ಲಿ ಏನು ಮಾಡುತ್ತಿದ್ದೆ? ಜಗಲಿಯ ಮೇಲೆ ಸಾಲಾಗಿ ಕೂರಿಸಿ ದಾದಿಯರು ಎಲ್ಲರ ತಲೆಯ ಹೇನು ತೆಗೆಯುತ್ತಿದ್ದರು, ಅಂಥ ಒಂದು ದಿನ ಇರಬೇಕು. ಅಥವಾ ಬರಿಯ ಅಂಗೈ ಹಿಡಿದು ಕೂತಿದ್ದೆನೇನೋ, ನಾನು ಅಲ್ಲಿ ಇಲ್ಲದ ಲಿಂಗಕ್ಕೆ ನೀರು ಬಿಡುವ ಹೊತ್ತಿಗೇ ಇವರು ಇಲ್ಲಿ ಅದನ್ನು ನೀರಿಗೆ ಬಿಟ್ಟರೇನೋ. ಸಾರಣೆಯ ಬಟ್ಟೆ ಹಿಂಡುತ್ತ ಅವಳಿಗೆ ಇನ್ನೊಂದು ಹೊಳೆಯಿತು, ಅದು ಮೊದಲಿನದಕ್ಕಿಂತ ಕೆಟ್ಟದ್ದು. ಈ ಮನೆಯ ಮುಖಗಳನ್ನು ನೋಡಿ ತಾನೇ ಅವಳು ಇದ್ದದ್ದನ್ನೂ ಇಲ್ಲದ್ದನ್ನೂ ವಿಂಗಡಿಸುತ್ತಿದ್ದದ್ದು? ಇದು ನಂದಲ್ಲ ಎಂದ ದಿನ ಇದೇ ಎರಡು ಮುಖಗಳು, ನಿನ್ನದೇ, ಎಂದಿದ್ದವು. ಹಾಗಾದರೆ ಇವರು ಇಲ್ಲ ಎಂದ ಮಿಕ್ಕದ್ದೆಲ್ಲ? ಬಾಗಿಲು ಹಾಕಿದೀಯಾ, ಎಂದಿತು ಹಿತ್ತಲು, ಯಾವತ್ತಿಗಿಂತ ಹತ್ತಿರದಿಂದ. ಅವಳು ತಡಬಡಿಸಿ ಗಿಂಡಿ ಎತ್ತಿ ಬಾಯಿಗೆ ನೀರು ತುಂಬಿಕೊಂಡಳು. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

ಆಗಲೇ ಪ್ರೇಮ ಕೇಳಿದ್ದು. ದೊಡ್ಡವರೆಲ್ಲ ಊಟ ಮುಗಿಸಿ ನಡುಮನೆಯಲ್ಲಿ ಎಲೆ ಅಡಿಕೆಗೆ ಕೂತಿದ್ದರು. ಅವಳು ಹೊಸ ಕರಡಿಗೆಯನ್ನು ಎದೆಯ ಮೇಲೆ ಎಡಗೈಯಿಂದ ಮುಚ್ಚಿಕೊಂಡು, ಬಲಗೈಯಲ್ಲಿ ಅಜ್ಜಿಗೆ ಎಲೆಯ ತೊಟ್ಟು ಮುರಿದು ಕೊಡುತ್ತಿದ್ದಳು.

"ಅಜ್ಜೀ, ಅಯ್ನೋರು ಯಾಕೆ ಅವ್ವ ಸತ್ತೋದ್ಲು ಅಂದ್ರು?"

ಗುರುಸಿದ್ದಮ್ಮನ ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು. "ಯಾರೇ ಅಂದೋರು? ಅಯ್ನೋರು ಅಂಥ ಮಾತು ಆಡಲೇ ಇಲ್ಲ."

"ಆಡಿದ್ರು ಅಜ್ಜಿ. ಲಿಂಗ ಹೊಳೆಗೆ ಬಿಟ್ಟ ಅಂದ್ರು. ನಂಗೆ ಕೇಳಿಸ್ತು."

"ಯಾರಿಗೂ ಕೇಳಿಸಿಲ್ಲ, ನಿನಗೊಬ್ಬಳಿಗೆ ಕೇಳಿಸ್ತೇನೆ?" ಎಂದವಳು ಮೊಮ್ಮಗಳ ಮುಖವನ್ನು ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಸಿಟ್ಟಿನಿಂದಲ್ಲ. ಮಗುವಿನ ಮೈಮೇಲೆ ಸಿಡುಬಿನ ಗುಳ್ಳೆ ಎದ್ದಿದೆಯೇ ಎಂದು ಹುಡುಕುವವಳ ಹಾಗೆ ಅವಳ ಕಣ್ಣನ್ನು ನೋಡಿದಳು, ನಿಜವಾಗಿ ಹೆದರಿಕೊಂಡು. "ಶಿವನೇ. ನಿನಗೂ ಶುರುವಾಯ್ತೇನೆ?"

ಅತ್ತೆ ತಾನು ಆಡಿದ ಸುಳ್ಳನ್ನು ಆಗಲೇ ತಾನೇ ನಂಬಿಬಿಟ್ಟಿದ್ದಾಳೆ ಎಂದು ನೀಲಾಂಬಿಕೆಗೆ ಗೊತ್ತಾಯಿತು. ಪ್ರೇಮ ತಂದೆಯ ಕಡೆ ತಿರುಗಿದಳು. "ಅಪ್ಪಾ, ನೀನು ಹೇಳಪ್ಪ. ಅಂದ್ರಲ್ವಾ?"

ಪಂಚಾಕ್ಷರಯ್ಯ ಅಡಿಕೆ ಕತ್ತರಿಯನ್ನು ತೆರೆದ, ಮುಚ್ಚಿದ. ಅವನು ಕೆಟ್ಟವನಲ್ಲ. ಬೆಂಗಳೂರಿಗೆ ತಿಂಗಳಿಗೊಮ್ಮೆ ಬಂದು ಗೇಟಿನ ಹತ್ತಿರ ಬಾಳೆಹಣ್ಣಿನ ಪೊಟ್ಟಣ ಹಿಡಿದು ನಿಲ್ಲುತ್ತಿದ್ದ. ನಡುವೆ ಯಾವಾಗಲೋ ನಿಲ್ಲಿಸಿದ್ದ. ಯಾವಾಗ ಎಂದು ಅವಳಿಗೆ ಈಗ ತಿಳಿಯಿತು. "ನಾನು... ಆಗ ಹಣ್ಣು ತರೋಕೆ ಒಳಗೆ ಹೋಗಿದ್ದೆ ಮಗಾ" ಎಂದ. "ನಂಗೇನೂ ಕೇಳಿಸ್ಲಿಲ್ಲ."

"ನೋಡ್ದಾ?" ಎಂದಳು ಗುರುಸಿದ್ದಮ್ಮ, ಹಿಡಿದಿದ್ದ ಉಸಿರು ಬಿಟ್ಟು.

ಪ್ರೇಮಳ ಬಲಗೈ ಮೆಲ್ಲಗೆ ಎದ್ದಿತು. ಎದ್ದು ಕಿವಿಯ ಹತ್ತಿರ ಹೋಗಿ, ಕಿವಿಯ ಹಾಳೆಯನ್ನು ಮುಟ್ಟಿ, ಅಲ್ಲೇ ನಿಂತಿತು. ಆ ಕೈ ಇನ್ನು ಮುಂದೆ ಎಲ್ಲೆಲ್ಲಿ ಹೋಗುತ್ತದೆಂದು ನೀಲಾಂಬಿಕೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಪೂರ್ತಿ ಕಂಡಳು: ಶಾಲೆಯಲ್ಲಿ ಮೇಷ್ಟರು ಹೆಸರು ಕೂಗಿದಾಗ, ಬೀದಿಯಲ್ಲಿ ಗೆಳತಿ ಕರೆದಾಗ, ಮುಂದೆ ಎಂದೋ ಗಂಡನ ಮನೆಯಲ್ಲಿ, ಈ ಮಾತು ಇದೆಯೋ ಇಲ್ಲವೋ ಎಂದು ಪಕ್ಕದವರ ಮುಖ ನೋಡುತ್ತ. ಬಾಯಲ್ಲಿ ನೀರಿತ್ತು. ಸುಮ್ಮನಿದ್ದರೆ ಇವತ್ತು ಮಗಳ ಚಾಪೆ ತನ್ನ ಪಕ್ಕದಲ್ಲೇ ಉಳಿಯುತ್ತದೆ. ಅವಳು ನೀರು ನುಂಗಿದಳು.

"ಪ್ರೇಮಾ, ಕಿವಿಯಿಂದ ಕೈ ತೆಗಿ."

ಮೂವರೂ ತಿರುಗಿದರು.

"ನಿನ್ನ ಕಿವಿಗೆ ಏನೂ ಆಗಿಲ್ಲ. ಅಯ್ನೋರು ಅಂದ್ರು. ನಿಮ್ಮಪ್ಪ ಅವರ ಮೊಣಕೈ ಹಿಡ್ಕೊಂಡು ಅಲ್ಲೇ ನಿಂತಿದ್ರು, ಹಣ್ಣು ತರೋಕೆ ಹೋಗಿರಲಿಲ್ಲ. ನನ್ನ ಲಿಂಗ ಹೊಳೆಗೆ ಬಿಟ್ಟಿದಾರೆ."

"ನೀಲಾ!" ಎಂದಳು ಅತ್ತೆ.

"ಮುಗಿಸ್ಬಿಡ್ತೀನಿ ಅತ್ತೆ." ತನ್ನ ದನಿ ಇಷ್ಟು ಸಾಧಾರಣವಾಗಿ ಬರುತ್ತಿರುವುದಕ್ಕೆ ಅವಳಿಗೇ ಆಶ್ಚರ್ಯವಾಗುತ್ತಿತ್ತು, ಸಾರಿಗೆ ಉಪ್ಪು ಹಾಕಿದೀನಿ ಎನ್ನುವ ಹಾಗೆ. "ಕೇಳು ಮಗಾ. ನಂಗೆ ಒಂದೊಂದ್ಸಲ ಇಲ್ಲದ್ದು ಕೇಳಿಸ್ತದೆ. ಅದು ನಿಜ, ಅದು ನನ್ನ ಕಾಯಿಲೆ. ಈಗಲೂ ಕೇಳಿಸ್ತಾ ಇದೆ. ಆದ್ರೆ ಇವತ್ತು ಅಯ್ನೋರು ಅಂದದ್ದು ಕಾಯಿಲೆ ಅಲ್ಲ. ನಿಂಗೆ ಕೇಳಿಸಿದ್ದು ಇದ್ದದ್ದೇ."

ಗುರುಸಿದ್ದಮ್ಮ ಎದ್ದಳು. ಕೂಗಾಡಲಿಲ್ಲ, ಅಳುತ್ತಿದ್ದಳು. "ಹೋಗು, ಬಸ್ಸು ವಿಚಾರಿಸ್ಕೊಂಡು ಬಾ" ಎಂದಳು ಮಗನಿಗೆ. "ಮಗೀಗೂ ಅಂಟಿಸ್ತಾಳೆ. ತಾನೊಬ್ಬಳು ಆದದ್ದು ಸಾಲದು." ಬೆಳಿಗ್ಗೆ ನಡುಮನೆಯಲ್ಲಿ ನೀಲಾಂಬಿಕೆಯ ಚಾಪೆಯ ಪಕ್ಕ ತಂದಿಟ್ಟಿದ್ದ ಪ್ರೇಮಳ ಚಾಪೆಯನ್ನು ಅವಳೇ ಬಗ್ಗಿ, ಸೊಂಟ ಹಿಡಿದುಕೊಂಡು ಎತ್ತಿಕೊಂಡಳು, ಮೊಮ್ಮಗಳ ತೋಳು ಹಿಡಿದು ಕೋಣೆಗೆ ಕರೆದುಕೊಂಡು ಹೋದಳು. ಪ್ರೇಮ ಹಿಂತಿರುಗಿ ನೋಡಲಿಲ್ಲ. ಅವಳ ಎರಡೂ ಕೈ ಕರಡಿಗೆಯ ಮೇಲಿದ್ದವು. ಪಂಚಾಕ್ಷರಯ್ಯ ಗೂಟದಿಂದ ಕೋಟು ತೆಗೆದು ಹಾಕಿಕೊಂಡು, ಗುಂಡಿ ತಪ್ಪಿಸಿ ಹಾಕಿಕೊಂಡದ್ದು ಗೊತ್ತಾಗದೆ, ಚಪ್ಪಲಿ ಮೆಟ್ಟಿ ಬೀದಿಗಿಳಿದ.

ಅವನು ಬರುವವರೆಗೆ ನೀಲಾಂಬಿಕೆ ಮಾಡಬೇಕಾದ್ದನ್ನೆಲ್ಲ ಮಾಡಿದಳು. ಪಾತ್ರೆ ಬೆಳಗಿದಳು. ಮಗಳ ರೇಷ್ಮೆ ಲಂಗವನ್ನು ಗಾಳಿಗೆ ಹರವಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟಳು. ಇಡುವ ಮೊದಲು ಮುಖಕ್ಕೆ ಒತ್ತಿಕೊಂಡಳು, ಕರ್ಪೂರದ ವಾಸನೆ ಮಾತ್ರ ಬಂತು. ಸೀಮೆಎಣ್ಣೆ ಸಿಗದ ಕಾಲ. ಹಿಪ್ಪೆ ಎಣ್ಣೆಯ ದೀಪ ಹಚ್ಚಿದಳು. ಬೆಂಗಳೂರಿಗೆ ಎರಡು ಸೀರೆ ಸಾಕು, ಅಲ್ಲಿ ಅವರೇ ಬಟ್ಟೆ ಕೊಡುತ್ತಾರೆ. ಕೊರಳ ದಾರ ಅಲ್ಲಿ ಹೇಗೂ ಬಿಚ್ಚುತ್ತಾರೆ. ಈ ಸಲ ಬಿಚ್ಚಿದಾಗ ಅಂಗೈಯಲ್ಲಿ ಯಾವ ಭಾರ ಉಳಿಯುತ್ತದೆ, ಅದರದೋ, ಇದರದೋ? ಏಳು ತಿಂಗಳು ನೀರು ಹಾಕಿದ ಈ ಕಲ್ಲಿನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅದೇನು ಮಾಡೀತು. ಯಾರೋ ಒಬ್ಬ ಹೊಸ ಸೊಸೆಗೆ ಅಂತ ಬಂದದ್ದು, ಆ ಸೊಸೆ ಹುಟ್ಟಿಯೇ ಇರಲಿಲ್ಲ.

ಪಂಚಾಕ್ಷರಯ್ಯ ಬಂದು ಕಂಬಕ್ಕೆ ಒರಗಿ ಕೂತ. "ನಾಳೆ ಬಸ್ಸಿಲ್ಲವಂತೆ" ಎಂದ. "ಇದ್ದಿಲು ಬಂದಿಲ್ಲ. ನಾಡಿದ್ದು ಹೊರಡುತ್ತಂತೆ." ಪೆಟ್ರೋಲು ಯುದ್ಧಕ್ಕೆ ಹೋಗಿ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ವರ್ಷ ಅದು. ಅವಳು ತಲೆಯಾಡಿಸಿದಳು. ಅವನು ಇನ್ನೂ ಏನೋ ಹೇಳುವವನ ಹಾಗೆ ಬಾಯಿ ತೆರೆದು, ತಪ್ಪಾಗಿ ಹಾಕಿದ್ದ ಗುಂಡಿಯನ್ನು ಆಗಷ್ಟೇ ಕಂಡವನಂತೆ ಬಿಚ್ಚತೊಡಗಿದ. ಅವಳು ದೀಪದ ಬತ್ತಿ ಮುಂದೂಡಿದಳು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಬೇರೆ ಒಂದು ತಿಳಿಯಬೇಕಾಗಿತ್ತು.

"ಬಿಡುವಾಗ ಹೊಳೇಲಿ ನೀರಿತ್ತಾ?"

ಅವನ ಬೆರಳು ಗುಂಡಿಯ ಮೇಲೆ ನಿಂತಿತು.

"ಇತ್ತು" ಎಂದ. "ಶ್ರಾವಣ ಅಲ್ವಾ. ಕೆಂಪು ನೀರು, ದಡ ಮುಟ್ಟಿ ಹೋಗ್ತಿತ್ತು." ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿದ. "ಮೂರನೇ ಮೆಟ್ಟಿಲಲ್ಲಿ ನಿಂತು ಬಿಟ್ಟೆ ನೀಲಾ. ಇನ್ನು ಬರೋದಿಲ್ಲ ಅಂತ ಡಾಕ್ಟರು ಬರೆದಿದ್ರು, ಪೂಜೆ ಇಲ್ಲದ ಲಿಂಗ ಮನೇಲಿರಬಾರದು ಅಂತ ಅವ್ವ... ಕೈ ಬಿಟ್ಟ ತಕ್ಷಣ ಕಾಣಲಿಲ್ಲ. ನೀರಲ್ಲಿ ಕೈಯಾಡಿಸಿ ಹುಡುಕಿದೆ. ಸಿಗಲಿಲ್ಲ."

ಕೋಣೆಯೊಳಗೆ ಚಾಪೆ ಸರಿದ ಸದ್ದಾಯಿತು. ಅಜ್ಜಿಯ ಗೊರಕೆ ನಡುವೆ ನಿಲ್ಲದೆ ನಡೆದೇ ಇತ್ತು. ಎದ್ದು ಕೂತದ್ದು ಪ್ರೇಮ.

ಸದ್ದು ಇದೆಯೋ ಇಲ್ಲವೋ ಎಂದು ನೀಲಾಂಬಿಕೆ ಯಾರ ಮುಖವನ್ನೂ ನೋಡಲಿಲ್ಲ.